ಹದಿನಾರನೆಯ ಸುತ್ತು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಮ್ಮ ರೆಕಾರ್ಡ್ ಪ್ಲೇಯರಿನ ಮುಚ್ಚಳ ಬೂದು ಬಣ್ಣದ್ದು ಎಂದು ನಾನು ಹೇಳುತ್ತೇನೆ, ಅಪ್ಪನ ತಂಗಿ ಗಿರಿಜತ್ತೆ ಹಸಿರು ಅನ್ನುತ್ತಾಳೆ, ಅಪ್ಪ ಅದಕ್ಕೆ ಮುಚ್ಚಳವೇ ಇರಲಿಲ್ಲ ಅನ್ನುತ್ತಾರೆ. ವಾಸನೆಯ ವಿಷಯದಲ್ಲಿ ಮಾತ್ರ ಮೂವರಿಗೂ ಜಗಳವಿಲ್ಲ. ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆ ಅದರ ಹೊಟ್ಟೆಯೊಳಗಿಂದ ಕಾದ ಧೂಳಿನ, ಬಿಸಿ ರಬ್ಬರಿನ ವಾಸನೆ ಏಳುತ್ತಿತ್ತು. ಈಚೆಗೆ ಶಿವಮೊಗ್ಗದಲ್ಲಿ ಮಿಕ್ಸಿ ರಿಪೇರಿಗೆ ಕೊಡಲು ಹೋಗಿದ್ದೆ. ಅಂಗಡಿಯವರು ತಳ ಬಿಚ್ಚಿ ಮೋಟರ್ ತಿರುಗಿಸಿ ನೋಡಿದಾಗ ಅದೇ ವಾಸನೆ ಬಂತು. ಆಟೋಗಳು ಹಾರ್ನ್ ಹೊಡೆಯುವ ರಸ್ತೆಯಲ್ಲಿ ನಿಂತಿದ್ದವಳು ಒಂದು ಗಳಿಗೆ ಭದ್ರಾವತಿಯ ಜನ್ನಾಪುರದಲ್ಲಿದ್ದ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿದ್ದೆ. ಇಂಥ ಗಳಿಗೆಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಒಬ್ಬರೇ ಸಾಕ್ಷಿ ಹೇಳಿದ್ದನ್ನು ಹಾಗೇ ಒಪ್ಪಿಕೊಳ್ಳಬೇಡಿ ಎಂದು ಕಾಲೇಜಿನಲ್ಲಿ ಇತಿಹಾಸದ ಪಾಠ ಮಾಡುತ್ತಾ ವರ್ಷಗಟ್ಟಲೆ ಹೇಳಿದವಳು. ಮೂಗೂ ಒಂದು ಸಾಕ್ಷಿ, ಅಷ್ಟೇ. ಆದರೂ ಆ ಸಂಜೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ಯಾಕೆಂದರೆ ಆ ಹೊತ್ತಿಗಾಗಲೇ ಅತ್ತೆ ನನಗೊಂದು ಕೆಲಸ ಹಚ್ಚಿದ್ದಳು.

ಅತ್ತೆಗೆ ಈಗ ಅರವತ್ತು ದಾಟಿದೆ. ಎರಡೂ ಮಂಡಿ ಸವೆದಿವೆ. ಆಪರೇಷನ್‌ಗೆ ದಿನ ಗೊತ್ತಾದ ಮೇಲೆ ಒಂದು ಬೆಳಗ್ಗೆ ಫೋನ್ ಮಾಡಿ, ಆರೋಗ್ಯದ ಸುದ್ದಿ ಒಂದೂ ಎತ್ತದೆ, "ಏ ಶೈಲಾ, ಆ ಬಾತುಕೋಳಿ ರೆಕಾರ್ಡು ಹುಡುಕಿ ಕೊಡೇ ಮಾರಾಯ್ತಿ. ಈಗ ಎಲ್ಲಾ ಮೊಬೈಲಲ್ಲಿ ಸಿಗತ್ತಂತಲ್ಲ" ಅಂದಳು. ಯಾಕೆ ಅಂತ ಕೇಳಿದೆ. ಅತ್ತೆ ಹೇಳಿದಳು: "ಅವತ್ತು ನಾನು ಎಲ್ಲಿ ತಾಳ ತಪ್ಪಿದೆ ಅಂತ ನೋಡ್ಬೇಕು. ಇಷ್ಟು ವರ್ಷ ಆಯ್ತು, ಇವತ್ತಿಗೂ ಗೊತ್ತಾಗಿಲ್ಲ ನಂಗೆ. ಕಾಲು ಕೊಯ್ಯೋಕೆ ಮುಂಚೆ ಒಂದ್ಸಲ ಗೊತ್ತಾಗ್ಬೇಕು."

ಬಾತುಕೋಳಿ ರೆಕಾರ್ಡು ಎಂಬ ಹೆಸರು ನಮ್ಮ ಅಜ್ಜಿ ಇಟ್ಟದ್ದು. ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದರು, ಲೇತಿನ ಮೇಲೆ ಲೋಹ ಕಡೆಯುವ ಕೆಲಸ. ಆಗ ರಷ್ಯದ ಪುಸ್ತಕಗಳನ್ನು ಹೊತ್ತ ಒಂದು ವ್ಯಾನು ಊರೂರಿಗೆ ಬರುತ್ತಿತ್ತು, ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು, ಆ ನುಣುಪು ಹಾಳೆ, ಆ ಅಂಟಿನ ಪರಿಮಳ. ಅಪ್ಪ ಲೋಹ ಕಡೆಯುವ ವಿದ್ಯೆಯ ಬಗ್ಗೆ ಒಂದು ದಪ್ಪ ಪುಸ್ತಕ ತರಲು ಹೋಗಿ, ಅದರ ಜೊತೆಗೆ ಒಂದು ರೆಕಾರ್ಡನ್ನೂ ತಂದರು. ಹೊದಿಕೆಯ ಮೇಲೆ ನೀಲಿ ನೀರು, ಒಂದು ಬಿಳಿ ಹಕ್ಕಿ, ಕಾಲ್ಬೆರಳ ತುದಿಯ ಮೇಲೆ ನಿಂತ ಒಬ್ಬ ಹುಡುಗಿ. ಅಕ್ಷರಗಳೆಲ್ಲ ರಷ್ಯನ್. ಮನೆಯಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ. ಅಜ್ಜಿ ಕನ್ನಡಕ ಮೂಗಿನ ತುದಿಗೆ ಎಳೆದುಕೊಂಡು ನೋಡಿ, "ಬಾತುಕೋಳಿ ಸಾಕೋ ಹುಡುಗಿ ಇರ್ಬೇಕು, ಪಾಪ, ಲಂಗ ಗಿಡ್ಡ ಆಗಿದೆ" ಅಂದಳು. ಅಲ್ಲಿಗೆ ಹೆಸರು ನಿಂತಿತು. ಅದರ ನಿಜವಾದ ಹೆಸರು ಮುಂದೆ ವಿಶ್ವವಿದ್ಯಾಲಯದಲ್ಲಿ ಓದುವಾಗ ತಿಳಿಯಿತು. ಆ ಹೆಸರಿಗೂ ನಮ್ಮ ಮನೆಗೂ ಸಂಬಂಧವಿಲ್ಲ, ಇಲ್ಲಿ ಬರೆಯುವುದಿಲ್ಲ.

ಭಾನುವಾರ ಬೆಳಗಿನ ತಿಂಡಿ ಆದ ಮೇಲೆ ರೆಕಾರ್ಡ್ ಹಾಕುವುದು ಮನೆಯ ಪದ್ಧತಿ. ನಮ್ಮಲ್ಲಿದ್ದವು ನಾಲ್ಕೋ ಐದೋ ರೆಕಾರ್ಡ್: ಎರಡು ವಚನಗಳದ್ದು, ಒಂದು ನಾಗಸ್ವರದ್ದು, ಉಳಿದದ್ದು ಮರೆತಿದೆ. ಕೊನೆಯಲ್ಲಿ ಬಾತುಕೋಳಿ. ಅಮ್ಮ ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿರುವಳು. ಅಜ್ಜಿ ಮೊರದಲ್ಲಿ ಅವರೆಕಾಯಿ ಹರವಿಕೊಂಡು ಕಂಬಕ್ಕೆ ಒರಗಿರುವಳು. ಅಪ್ಪ ಬನಿಯನ್ನಿನಲ್ಲಿ, ಉಗುರಿನ ಸಂದಿಯ ಕಪ್ಪನ್ನು ಕಡ್ಡಿಯಲ್ಲಿ ತೆಗೆಯುತ್ತಾ ಕೂತಿರುವರು. ಮುಳ್ಳು ಇಟ್ಟ ಮೇಲೆ ಮೊದಲು ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ, ಅದು ಅಡುಗೆಮನೆಯದೋ ಪ್ಲೇಯರಿನದೋ ಎಂದು ಗೊತ್ತಾಗುವ ಮೊದಲೇ ಒಂದು ವಾದ್ಯ ಒಂಟಿಯಾಗಿ ಶುರುವಾಗುತ್ತಿತ್ತು. ಅದು ಓಬೋ ಎಂದು ಈಗ ಗೊತ್ತು, ಆಗ ನಮಗದು ಒಂದು ಜಾತಿಯ ನಾಗಸ್ವರ. "ಇವನಿಗೆ ಶೀತ ಆಗಿದೆ ಕಣೋ" ಎಂದು ಅಜ್ಜಿ ಪ್ರತಿ ಭಾನುವಾರ ಹೇಳುತ್ತಿದ್ದಳು, ಪ್ರತಿ ಭಾನುವಾರ ಅಪ್ಪ ನಗುತ್ತಿದ್ದರು. ನಿಜಕ್ಕೂ ಆ ಸ್ವರದಲ್ಲಿ ಒಂದು ಮಂಕು ಇತ್ತು, ಮೂಗು ಕಟ್ಟಿದವರು ಒಳ್ಳೆಯ ಮಾತು ಹೇಳಿದ ಹಾಗೆ. ಪಕ್ಕದ ಮನೆಯ ಆರೋಗ್ಯಮ್ಮ ಬಟ್ಟೆ ಒಗೆಯುವುದನ್ನು ನಿಲ್ಲಿಸಿ ಬೇಲಿಯ ಹತ್ತಿರ ಬರುತ್ತಿದ್ದರು. ಆಮೇಲೆ ಪಿಟೀಲುಗಳೆಲ್ಲ ಒಟ್ಟಿಗೆ ಎದ್ದಾಗ ಗಿರಿಜತ್ತೆ ಹೊಸಲಿನ ಮೇಲೆ ನಿಂತು ಎರಡೂ ಕೈ ಹಿಂದಕ್ಕೆ ಚಾಚುತ್ತಿದ್ದಳು. ಆಗ ಅವಳಿಗೆ ಇಪ್ಪತ್ತು, ಇಪ್ಪತ್ತೊಂದು. ಅವಳ ಬೆನ್ನು ಒಂದು ಬಿಲ್ಲಿನ ಹಾಗೆ ಬಗ್ಗುತ್ತಿದ್ದದ್ದು ನೆನಪಿದೆ. ಹತ್ತು ವರ್ಷದ ಹುಡುಗಿಗೆ ಎಲ್ಲ ಅತ್ತೆಯರ ಬೆನ್ನೂ ಹಾಗೇ ಕಾಣುತ್ತದೋ ಏನೋ.

ಕೆಲಸ ಸುಲಭ ಅಂದುಕೊಂಡಿದ್ದೆ. ಹುಡುಕಿದರೆ ಒಂದೇ ಸಂಗೀತಕ್ಕೆ ಅರವತ್ತಕ್ಕೂ ಮೇಲೆ ರೆಕಾರ್ಡಿಂಗ್‌ಗಳು ಬಂದವು, ಅರ್ಧಕ್ಕರ್ಧ ರಷ್ಯದವೇ. ನಾನೂ ಅಪ್ಪನೂ ಈಗ ಶಿವಮೊಗ್ಗದಲ್ಲಿ ರಾಗಿಗುಡ್ಡದ ಕಡೆ ಇದ್ದೇವೆ. ಅತ್ತೆ ಜನ್ನಾಪುರದಲ್ಲೇ, ನಮ್ಮ ಹಳೆಯ ಮನೆ ಇದ್ದ ಜಾಗದಿಂದ ಎರಡು ರಸ್ತೆ ಆಚೆ. ವಾರಕ್ಕೆ ಎರಡು ಸಲ ಭದ್ರಾವತಿ ಬಸ್ಸು ಹತ್ತಿದೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು. ಒಂದರಲ್ಲಿ ರಂಗದ ಮೇಲೆ ನರ್ತಕಿಯರು ಕಾಲಿಡುವ ಧಡಧಡ ಸದ್ದೂ ಸೇರಿತ್ತು. ಹಕ್ಕಿಗಳು ಅಟ್ಟದ ಮೇಲೆ ಓಡಾಡಿದ ಹಾಗೆ. ಒಂದರಲ್ಲಿ ಓಬೋ ಶುರುವಾದ ಮೂರನೆಯ ಉಸಿರಿಗೆ ಯಾರೋ ಕೆಮ್ಮುತ್ತಾರೆ, ಪ್ರತಿ ಸಲ ಅದೇ ಜಾಗದಲ್ಲಿ. ಆ ಮನುಷ್ಯ ಬದುಕಿದ್ದಾನೋ ಇಲ್ಲವೋ ಎಂದು ಯೋಚಿಸುತ್ತಾ ಮಾಚೇನಹಳ್ಳಿ ದಾಟಿದೆ. ಒಂದು ತೀರಾ ನಯ, ಈಗಷ್ಟೇ ಇಸ್ತ್ರಿ ಮಾಡಿದ ಪಂಚೆಯ ಹಾಗೆ, ಎಲ್ಲೂ ಒಂದು ಮಡಿಕೆ ಇಲ್ಲ. ಇನ್ನೊಂದರಲ್ಲಿ ಹಿತ್ತಾಳೆಯ ಕೊಂಬುಗಳು ಗಮಕ ಹಾಕಿದ ಹಾಗೆ ಕಂಪಿಸುತ್ತವೆ. ಹಳೆಯ ರಷ್ಯನ್ ವಾದ್ಯಗಾರರ ರೀತಿಯೇ ಹಾಗಂತೆ. ಅದು ಬಂದಾಗ ಮೈ ಜುಂ ಅಂದಿತು, ನಮ್ಮ ರೆಕಾರ್ಡೂ ಈ ಜಾತಿಯದೇ ಅನ್ನಿಸಿತು. ಆದರೆ ಎಲ್ಲದರಲ್ಲೂ ಏನೋ ಒಂದು ಹೆಚ್ಚು, ಏನೋ ಒಂದು ಅವಸರ. ಇಳಿಯಬೇಕಾದ ಸ್ಟಾಪು ಎರಡು ಸಲ ತಪ್ಪಿಸಿಕೊಂಡೆ.

ಅತ್ತೆಯ ಮನೆಯ ಊಟದ ಮೇಜಿನ ಮೇಲೆ ಒಂದು ಪುಟ್ಟ ಸ್ಪೀಕರ್ ಇಟ್ಟು ಒಂದೊಂದಾಗಿ ಕೇಳಿಸುತ್ತಾ ಹೋದೆ. ಅವಳು ಕಣ್ಣು ಮುಚ್ಚಿಕೊಳ್ಳುವಳು, ಎರಡು ನಿಮಿಷವೂ ಆಗಿರದು, ಕೈ ಆಡಿಸುವಳು. "ಇದಲ್ಲ. ಇವರಿಗೆ ಯಾವ್ದೋ ಬಸ್ಸು ಹಿಡಿಯೋದಿದೆ." ಮುಂದಿನದು. "ಇದೂ ಅಲ್ಲ." ಮಾವ ಸೋಫಾದ ಮೇಲಿಂದ, ಟಿವಿಯ ಕ್ರಿಕೆಟ್ ಮೇಲಿನ ಕಣ್ಣು ತೆಗೆಯದೆ, "ಈ ಬಾತುಕೋಳಿ ಕಾಟ ನಮ್ಮ ಮದುವೆಗೆ ಮುಂಚೇನೇ ಮುಗೀತು ಅಂದ್ಕೊಂಡಿದ್ದೆ" ಅಂದರು. "ನೀವು ಸುಮ್ನೆ ಸ್ಕೋರ್ ನೋಡ್ರಿ" ಅಂದಳು ಅತ್ತೆ. "ನೋಡ್ತಾನೇ ಇದ್ದೀನಿ ಕಣೇ, ನಿಮ್ಮ ಹಕ್ಕಿ ಕೂಗಿದಾಗೆಲ್ಲ ಒಂದು ವಿಕೆಟ್ ಬೀಳ್ತಿದೆ." ಅತ್ತೆ ನಗಲಿಲ್ಲ. ಮೇಜಿನ ಮೇಲೆ ಅವಳ ಬಲಗೈಯ ಬೆರಳುಗಳು ಏನನ್ನೋ ಎಣಿಸುತ್ತಲೇ ಇದ್ದವು.

ಎಣಿಸುತ್ತಿದ್ದದ್ದು ಏನು ಎಂದು ನನಗೆ ಗೊತ್ತಿತ್ತು. ಆ ಭಾನುವಾರಗಳ ಕಾಲದಲ್ಲಿ ಅತ್ತೆ ಭದ್ರಾವತಿಯಲ್ಲಿ ಒಬ್ಬ ಮೇಷ್ಟ್ರ ಹತ್ತಿರ ಭರತನಾಟ್ಯ ಕಲಿಯುತ್ತಿದ್ದಳು. ಶಿವಮೊಗ್ಗದ ಒಂದು ಸಭಾಂಗಣದಲ್ಲಿ ಎಲ್ಲ ಮೇಷ್ಟ್ರುಗಳ ಶಿಷ್ಯರೂ ಸೇರಿ ಕಾರ್ಯಕ್ರಮ ಕೊಡುವುದೆಂದಾಗ, ಎಲ್ಲರೂ ಒಂದೊಂದು ದೇವರನಾಮ ಆರಿಸಿಕೊಂಡರು. ಅತ್ತೆ ಬಾತುಕೋಳಿ ರೆಕಾರ್ಡನ್ನು ಆರಿಸಿಕೊಂಡಳು. ಕಾಲಿಗೆ ಗೆಜ್ಜೆ, ಕೈಯಲ್ಲಿ ಹಂಸಪಕ್ಷ ಮುದ್ರೆ, ಸಂಗೀತ ರಷ್ಯದ್ದು. ಇಂಥದನ್ನು ಆ ಊರಲ್ಲಿ ಯಾರೂ ಮಾಡಿರಲಿಲ್ಲ. ಮೇಷ್ಟ್ರು ಮೊದಲು ಗದರಿ, ಒಂದು ಭಾನುವಾರ ಮನೆಗೇ ಬಂದು ರೆಕಾರ್ಡ್ ಕೇಳಿ, ಅವರೇ ತೊಡೆ ತಟ್ಟಿಕೊಂಡು ತಾಳ ಹಾಕಿಕೊಟ್ಟರು. ಆರು ತಿಂಗಳು ಅತ್ತೆ ಹಿತ್ತಲಿನ ಸಿಮೆಂಟು ನೆಲದ ಮೇಲೆ ಕುಣಿದಳು, ಕಿಟಕಿಯಲ್ಲಿ ಪ್ಲೇಯರ್ ಇಟ್ಟು. ಕೊನೆಯಲ್ಲಿ ಹಕ್ಕಿ ಸಾಯುವ ಕಡೆ ಕಣ್ಣು ಮುಚ್ಚಿ ನಿಂತಲ್ಲೇ ಹದಿನಾರು ಸುತ್ತು ತಿರುಗಿ, ಹದಿನಾರನೆಯದು ಮುಗಿಯುವಾಗ ಸಂಗೀತವೂ ಮುಗಿದು, ಅವಳು ನೆಲಕ್ಕೆ ಇಳಿಯಬೇಕು. ನಾನು ಕಲ್ಲಿನ ಮೇಲೆ ಕೂತು ಗಟ್ಟಿಯಾಗಿ ಎಣಿಸುತ್ತಿದ್ದೆ. ಒಂದು ದಿನವೂ ತಪ್ಪುತ್ತಿರಲಿಲ್ಲ.

ಕಾರ್ಯಕ್ರಮಕ್ಕೆ ಪ್ಲೇಯರನ್ನೂ ಹೊತ್ತುಕೊಂಡು ಹೋಗೋಣ ಎಂದು ಅಮ್ಮ ಹೇಳಿದ್ದು, "ಅಲ್ಲಿ ಮೈಕ್ ಸೆಟ್‌ನೋರ ಹತ್ರ ಒಳ್ಳೆ ಮಷೀನ್ ಇರತ್ತೆ, ಇದನ್ಯಾಕೆ ಹೊರ್ತೀರಿ" ಎಂದು ಅಪ್ಪ ಹೇಳಿದ್ದು ನನಗೆ ನೆನಪಿದೆ. ಅಪ್ಪನಿಗೆ ಅವತ್ತು ಸೆಕೆಂಡ್ ಶಿಫ್ಟು, ಅವರು ಬರಲಿಲ್ಲ. ಅತ್ತೆ, ಅಮ್ಮ, ನಾನು ಹೋದೆವು. ಶುರುವಿನಲ್ಲಿ ಎಲ್ಲ ಸರಿಯಿತ್ತು. ಆಮೇಲೆ ಅತ್ತೆ ಎಲ್ಲೋ ಒಂದು ಕಡೆ ತಡವಾದಳು, ಓಡಿ ಹಿಡಿದಳು, ಮತ್ತೆ ತಡವಾದಳು. ಅವಳ ಮುಖದಲ್ಲಿ ಹಕ್ಕಿ ಹೋಗಿ ಬಸ್ಸಿನ ಹಿಂದೆ ಓಡುವವರ ಗಾಬರಿ ಬಂತು. ಕೊನೆಗೆ ಕಣ್ಣು ಮುಚ್ಚಿ ಸುತ್ತಲು ಶುರು ಮಾಡಿದಳು. ಹದಿನೈದನೆಯ ಸುತ್ತಿಗೆ ಸಂಗೀತ ಮುಗಿದುಹೋಯಿತು. ಅವಳಿಗೆ ಗೊತ್ತಾಗಲಿಲ್ಲ, ಅಥವಾ ಗೊತ್ತಾಗಿಯೂ ಕಾಲು ನಿಲ್ಲಲಿಲ್ಲ. ತುಂಬಿದ ಸಭೆಯಲ್ಲಿ, ಬರೀ ಗೆಜ್ಜೆಯ ಸದ್ದಿನಲ್ಲಿ, ಹದಿನಾರನೆಯ ಸುತ್ತು. ಮೊದಲು ಒಬ್ಬರು ನಕ್ಕರು. ಆಮೇಲೆ ಎಷ್ಟು ಜನ ನಕ್ಕರೋ, ನನ್ನ ಕಿವಿಯಲ್ಲಿ ಅದು ಇಡೀ ಸಭಾಂಗಣ. ಅಮ್ಮ ಬದುಕಿದ್ದಾಗ ಒಮ್ಮೆ, ನಾಲ್ಕೈದು ಜನ ಅಷ್ಟೇ ಕಣೇ ಅಂದಿದ್ದಳು. ಪರದೆಯ ಹಿಂದೆ ಮೇಷ್ಟ್ರು ಬೈಯಲಿಲ್ಲ. ಮೆಲ್ಲಗೆ, ರೋಗಿಗೆ ಡಾಕ್ಟರು ಹೇಳುವ ಹಾಗೆ ಹೇಳಿದರು: "ಗಿರಿಜಾ, ನಿನಗೆ ಕೈಯಿದೆ, ಕಣ್ಣಿದೆ. ಲಯ ಇಲ್ಲ ತಾಯಿ."

ಅತ್ತೆ ಆಮೇಲೆ ಗೆಜ್ಜೆ ಕಟ್ಟಲಿಲ್ಲ. ಟೀಚರ್ ಟ್ರೈನಿಂಗ್ ಮಾಡಿ ಪ್ರೈಮರಿ ಸ್ಕೂಲ್ ಸೇರಿದಳು. ರಿಟೈರ್ ಆಗುವವರೆಗೂ ಸ್ಕೂಲ್ ಡೇ ಬಂದಾಗ ಮಕ್ಕಳಿಗೆ ಡ್ಯಾನ್ಸ್ ಹೇಳಿಕೊಡಿ ಅಂದರೆ, ನನಗೆ ತಾಳಜ್ಞಾನ ಇಲ್ಲ, ರಂಗೋಲಿ ಬೇಕಾದ್ರೆ ಹಾಕ್ತೀನಿ ಅನ್ನುತ್ತಿದ್ದಳಂತೆ. ಮದುವೆ ಮನೆಯಲ್ಲಿ ಹೆಂಗಸರು ಹಾಡುವಾಗ ಎಲ್ಲರೂ ಚಪ್ಪಾಳೆ ತಟ್ಟಿದರೆ ಇವಳು ಕೈ ಕಟ್ಟಿಕೊಂಡು ಕೂರುವುದನ್ನು ನಾನೇ ನೋಡಿದ್ದೇನೆ. ಬಿಗುಮಾನ ಅಂದುಕೊಳ್ಳುತ್ತಿದ್ದರು ಜನ. ಭಾನುವಾರದ ಪದ್ಧತಿಯೂ ಅವತ್ತಿಗೆ ನಿಂತಿತು. ಮೋಟರ್ ಹೋಗಿದೆ ಎಂದು ಅಪ್ಪ ಪ್ಲೇಯರನ್ನು ಅಟ್ಟಕ್ಕೆ ಹಾಕಿದರು. ಅಜ್ಜಿ ಎರಡು ವರ್ಷಕ್ಕೆ ಹೋದಳು. ಮನೆ ಬಿಡುವಾಗ ಪ್ಲೇಯರೂ ರೆಕಾರ್ಡುಗಳೂ ಗುಜರಿಗೆ ಹೋದವು. ಈಗ ಆ ಜಾಗದಲ್ಲಿ ಮೂರು ಅಂತಸ್ತಿನ ಕಟ್ಟಡ, ಕೆಳಗೆ ಮೊಬೈಲ್ ಅಂಗಡಿ. ಹಿತ್ತಲಿನ ಸಿಮೆಂಟು ನೆಲ ಎಲ್ಲಿತ್ತೆಂದು ನಿಂತು ಅಂದಾಜು ಮಾಡಿದೆ. ಬೈಕು ನಿಲ್ಲಿಸುವ ಕಡೆ ಇರಬೇಕು.

ನಾಲ್ಕನೆಯ ವಾರ ಕೊನೆಗೂ ಅದು ಸಿಕ್ಕಿತು. ನೀಲಿ ನೀರು, ಬಿಳಿ ಹಕ್ಕಿ, ಗಿಡ್ಡ ಲಂಗದ ಹುಡುಗಿ, ಅದೇ ಹೊದಿಕೆ. ಯಾರೋ ಹಳೆಯ ರೆಕಾರ್ಡಿನಿಂದ ಚಟಪಟ ಸದ್ದಿನ ಸಮೇತ ಇಳಿಸಿ ಹಾಕಿದ್ದರು. ಬಸ್ಸಿನಲ್ಲಿ ಕೇಳದೆ ಹಾಗೇ ಒಯ್ದೆ. ಅತ್ತೆ ಚಿತ್ರ ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡಳು, "ಅಯ್ಯೋ, ಇದೇ ಕಣೇ, ಅಮ್ಮ ಪಾಪ ಅಂತಿದ್ಳಲ್ಲ!" ನಾನು ಹಾಕಿದೆ. ಓಬೋ ಶುರುವಾಯಿತು. ಅತ್ತೆ ಕಣ್ಣು ಮುಚ್ಚಿದಳು. ಅರ್ಧ ನಿಮಿಷಕ್ಕೆ ಕಣ್ಣು ಬಿಟ್ಟಳು. "ಇದೂ ಅಲ್ಲ" ಅಂದಳು. ನನಗೆ ಸಿಟ್ಟೇ ಬಂತು. ಇದೇ ರೆಕಾರ್ಡು, ಇದೇ ಚಿತ್ರ, ಇನ್ನೇನು ಬೇಕು ನಿನಗೆ, ನಿನ್ನ ನೆನಪೇ ತಪ್ಪು ಅತ್ತೆ ಅಂದೆ. ಅವಳಿಗೂ ರೇಗಿತು. "ನನ್ನ ನೆನಪು ತಪ್ಪಾದ್ರೆ ಪೆಟ್ಟಿಗೆ ನೆನಪೂ ತಪ್ಪಾ? ನೋಡು ಬಾ" ಎಂದು ಮಂಡಿ ಹಿಡಿದುಕೊಂಡು ಎದ್ದು, ದೇವರ ಕೋಣೆಯ ಮೂಲೆಯಿಂದ ಅಜ್ಜಿಯ ಹಾರ್ಮೋನಿಯಂ ಎಳೆಸಿದಳು.

ಆ ಹಾರ್ಮೋನಿಯಂ ನನಗೆ ಮರೆತೇ ಹೋಗಿತ್ತು. ಅಭ್ಯಾಸ ಮಾಡುತ್ತಿದ್ದ ಕಾಲದಲ್ಲಿ ಅತ್ತೆ, ರೆಕಾರ್ಡ್ ಮತ್ತೆ ಮತ್ತೆ ಹಾಕಿ ಸವೆಸಬಾರದೆಂದು, ಆ ಒಂಟಿ ವಾದ್ಯದ ಮಟ್ಟನ್ನು ಇದರ ಮೇಲೆ ಹುಡುಕಿಕೊಂಡು ನುಡಿಸುತ್ತಿದ್ದಳು. ಎಲ್ಲಿಂದ ಶುರು ಎಂದು ಮರೆಯದ ಹಾಗೆ ನಾಲ್ಕನೆಯ ಬಿಳಿ ಮನೆಯ ಮೇಲೆ, ಅದಕ್ಕೆ ಬಿಳಿ ನಾಲ್ಕು ಅನ್ನುವುದು, ಉಗುರು ಬಣ್ಣದಲ್ಲಿ ಒಂದು ಚುಕ್ಕಿ ಇಟ್ಟಿದ್ದಳು. ಚುಕ್ಕಿ ಇನ್ನೂ ಇತ್ತು, ಒಣಗಿದ ರಕ್ತದ ಬಣ್ಣಕ್ಕೆ ತಿರುಗಿ. ನಾನು ತಿದಿ ಒತ್ತಿದೆ, ಅವಳು ಚುಕ್ಕಿಯ ಮೇಲೆ ಬೆರಳಿಟ್ಟಳು. ಆಮೇಲೆ ಫೋನಿನಲ್ಲಿ ರೆಕಾರ್ಡ್ ಹಾಕಿದೆವು. ಎರಡೂ ಕೂಡಲಿಲ್ಲ. ರೆಕಾರ್ಡಿನದು ಪಕ್ಕದ ಕಪ್ಪು ಮೂರರಲ್ಲಿತ್ತು, ಸರಿಯಾಗಿ ಒಂದು ಮನೆಯಷ್ಟು ಏರು ಶ್ರುತಿಯಲ್ಲಿ. ಉಳಿದ ರೆಕಾರ್ಡಿಂಗ್‌ಗಳನ್ನೂ ಹಾಕಿ ನೋಡಿದೆವು. ಎಲ್ಲವೂ ಕಪ್ಪು ಮೂರು. ಹಾರ್ಮೋನಿಯಂ ಹಳೆಯದು, ಅದರ ಶ್ರುತಿ ಅತ್ತಿತ್ತ ಆಗಿರಬಹುದು, ಇದನ್ನು ಒಪ್ಪುತ್ತೇನೆ. ಆದರೆ ಎಲ್ಲ ಮನೆಗಳೂ ತಮ್ಮೊಳಗೆ ಸರಿಯಾಗಿಯೇ ಇದ್ದವು. ಅತ್ತೆಗೆ ಇದರಿಂದ ಏನೂ ಹೊಳೆಯಲಿಲ್ಲ. "ನೋಡಿದ್ಯಾ, ಇದಲ್ಲ ಅಂದ್ನಲ್ಲ" ಎಂದು ಗೆದ್ದವಳ ಹಾಗೆ ಕಾಫಿ ಇಡಲು ಹೋದಳು. ನನಗೆ ಮಾತ್ರ ಅಜ್ಜಿ ಹೇಳುತ್ತಿದ್ದ ಶೀತ ನೆನಪಾಯಿತು. ರೆಕಾರ್ಡ್ ನಿಧಾನವಾಗಿ ತಿರುಗಿದರೆ ಶ್ರುತಿಯೂ ಇಳಿಯುತ್ತದೆ, ಸ್ವರವೂ ಮಂಕಾಗುತ್ತದೆ.

ಮನೆಗೆ ಬಂದು, ಚಪಾತಿ ಲಟ್ಟಿಸುತ್ತಾ, ಏನೂ ಅಲ್ಲದ ಮಾತಿನ ಹಾಗೆ ಅಪ್ಪನನ್ನು ಆ ಪ್ಲೇಯರಿನ ಬಗ್ಗೆ ಕೇಳಿದೆ. ಎಂಬತ್ತು ದಾಟಿದ ಮನುಷ್ಯ ನೆಟ್ಟಗೆ ಕೂತರು. ಅದನ್ನು ವರ್ಗವಾಗಿ ಹೋಗುತ್ತಿದ್ದ ಒಬ್ಬ ಸಾಹೇಬರಿಂದ ಹಳೆಯದೇ ತಂದದ್ದು. ಒಂದು ದಿನ ಮೋಟರಿನ ತುದಿಯ ಪ್ಲಾಸ್ಟಿಕ್ ಪುಲ್ಲಿ ಸೀಳಿತು. ತಟ್ಟೆಯನ್ನು ತಿರುಗಿಸುವ ಬೆಲ್ಟು ಓಡುವುದು ಆ ಪುಟ್ಟ ಗಾಲಿಯ ಮೇಲೆ. ಅಂಗಡಿಯಲ್ಲಿ ಸಿಗಲಿಲ್ಲ. ಅಪ್ಪ ಸೀಳಿದ ತುಂಡುಗಳನ್ನು ಅಂಟಿಸಿ, ಮೈಕ್ರೋಮೀಟರ್ ಹಿಡಿದು ಅಳೆದು, ಲೇತಿನ ಮೇಲೆ ಹಿತ್ತಾಳೆಯಲ್ಲಿ ಹೊಸದು ಕಡೆದು ತಂದರು. ಈ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಅಪ್ಪನ ಕೈಯ ಬಗ್ಗೆ ನೆಂಟರ ಮುಂದೆ ಅಮ್ಮ ಹೇಳುತ್ತಿದ್ದ ಕಥೆಯೇ ಇದು. "ಹಳೇದು ಎಷ್ಟಿತ್ತೋ ಅಷ್ಟೇ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ" ಅಂದರು ಅಪ್ಪ, ತೋರುಬೆರಳಿಗೂ ಹೆಬ್ಬೆರಳಿಗೂ ನಡುವೆ ಆ ಪುಲ್ಲಿಯನ್ನು ಈಗಲೂ ಹಿಡಿದಿರುವ ಹಾಗೆ. ನಾನು ಲಟ್ಟಣಿಗೆ ನಿಲ್ಲಿಸಿದೆ. ಹಳೆಯದು ಎಷ್ಟಿತ್ತೋ ಅಷ್ಟೇ. ವರ್ಷಗಟ್ಟಲೆ ಬೆಲ್ಟು ಉಜ್ಜಿ ಉಜ್ಜಿ ಪ್ಲಾಸ್ಟಿಕ್ ಸವೆದಿತ್ತು. ಅಪ್ಪ ಆ ಸವೆತವನ್ನೂ ಸೇರಿಸಿ ಅಳೆದು, ಇನ್ನೆಂದೂ ಸವೆಯದ ಲೋಹದಲ್ಲಿ ಹಾಗೇ ಪಡಿಯಚ್ಚು ತೆಗೆದಿದ್ದರು. ಒರಟು ಕೈಯ ಕೆಲಸಗಾರ ಆಗಿದ್ದರೆ ಅಂದಾಜಿನ ಮೇಲೆ ಸ್ವಲ್ಪ ದಪ್ಪ ಬಿಡುತ್ತಿದ್ದನೇನೋ. ಪುಲ್ಲಿ ಸಣ್ಣದಾದಷ್ಟೂ ರೆಕಾರ್ಡ್ ನಿಧಾನ. ನಮ್ಮ ಮನೆಯ ಯಾರೊಬ್ಬರೂ ಆ ಸಂಗೀತವನ್ನು ಅದರ ಸರಿಯಾದ ವೇಗದಲ್ಲಿ ಕೇಳಿಯೇ ಇರಲಿಲ್ಲ. ಮೊದಲ ಸಲ ಹಾಗೆ ಕೇಳಿದ್ದು ಅತ್ತೆ, ಆ ರಂಗದ ಮೇಲೆ.

ಮಾರನೆಯ ದಿನ ಮತ್ತೆ ಜನ್ನಾಪುರಕ್ಕೆ ಹೋಗಿ ಅದೇ ರೆಕಾರ್ಡನ್ನು ವೇಗ ಇಳಿಸುವ ಒಂದು ಆ್ಯಪಿಗೆ ಹಾಕಿ, ಹಾರ್ಮೋನಿಯಂನ ಬಿಳಿ ನಾಲ್ಕಕ್ಕೆ ಕೂಡುವವರೆಗೆ ಇಳಿಸಿದೆ. ಅತ್ತೆಗೆ ಏನೂ ಹೇಳಲಿಲ್ಲ. ಓಬೋಗೆ ಶೀತ ಹಿಡಿದಿತ್ತು. ಅತ್ತೆ ಕಣ್ಣು ಮುಚ್ಚಿದವಳು ಬಿಡಲಿಲ್ಲ. ಮಾವ ಯಾಕೋ ಟಿವಿಯ ಸದ್ದು ಪೂರ್ತಿ ತೆಗೆದರು. ಕೊನೆಯ ಭಾಗ ಬಂದಾಗ ಅವಳು ಮೇಜಿನ ಮೇಲಿದ್ದ ಸ್ಟೀಲ್ ಲೋಟದ ಕಂಠದ ಮೇಲೆ ಬೆರಳಿಟ್ಟು ಸುತ್ತತೊಡಗಿದಳು. ನಾನು ಮನಸ್ಸಿನಲ್ಲೇ ಎಣಿಸಿದೆ. ಹದಿನಾಲ್ಕು. ಹದಿನೈದು. ಹದಿನಾರನೆಯ ಸುತ್ತು ಮುಗಿದು ಬೆರಳು ನಿಂತಿತು, ಸಂಗೀತವೂ ನಿಂತಿತು. ಕೆಳಗಿನ ರಸ್ತೆಯಲ್ಲಿ ಸೊಪ್ಪಿನವಳು ಕೂಗುತ್ತಾ ಹೋದಳು. ಅತ್ತೆ ಕೇಳಿದಳು, "ಯಾರು ನುಡಿಸಿದ್ದೇ ಇದು?" ನಿನ್ನೆ ಬೇಡ ಅಂದೆಯಲ್ಲ, ಅದೇ ಅಂದೆ. ಪುಲ್ಲಿಯ ಕಥೆ ಹೇಳಿದೆ. ಎರಡು ಸಲ ಹೇಳಬೇಕಾಯಿತು. ಅವಳು ಲೋಟವನ್ನು ಮೇಜಿನ ಅಂಚಿಗೆ ಸರಿಸಿ, ಮತ್ತೆ ನಡುವಿಗೆ ತಂದಿಟ್ಟು, ಮಕ್ಕಳು ಪರೀಕ್ಷೆಯ ಫಲಿತಾಂಶ ಕೇಳುವ ದನಿಯಲ್ಲಿ, "ಹಂಗಾದ್ರೆ ನಾನು ತಪ್ಪಿರ್ಲಿಲ್ವಾ?" ಅಂದಳು. ಇಲ್ಲ ಅತ್ತೆ ಅಂದೆ. "ಹದಿನಾರೂ ಸರಿ ಇತ್ತಾ?" ಹದಿನಾರೂ ಸರಿಯಿತ್ತು. ಅವಳು ಅಳಬಹುದು ಎಂದು ನಾನು ಸಿದ್ಧವಾಗಿದ್ದೆ. ಅವಳು ಅಳಲಿಲ್ಲ. ನನ್ನ ಮಣಿಕಟ್ಟು ಹಿಡಿದು ಹೇಳಿದಳು: "ನಿಮ್ಮಪ್ಪಂಗೆ ಹೇಳ್ಬೇಡ. ಅಣ್ಣಂಗೆ ಅವನ ಕೈಕೆಲಸ ಅಂದ್ರೆ ಪ್ರಾಣ. ಈ ವಯಸ್ಸಲ್ಲಿ ಯಾಕೆ ಬೇಜಾರು."

ಹೇಳುವುದಿಲ್ಲ ಅಂದೆ. ಶಿವಮೊಗ್ಗದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ಅತ್ತೆ ಸಂತೋಷವಾಗಿದ್ದಾಳೆ, ಹುಡುಕಾಟ ಮುಗಿಯಿತು, ಇನ್ನಾದರೂ ನೆಮ್ಮದಿಯಾಗಿರು ಎಂದು ನನಗೆ ನಾನೇ ಹೇಳಿಕೊಂಡೆ. ಆಗ ಕರೆಯದೆ ಬಂದದ್ದು ಈ ನೆನಪು. ಇಷ್ಟು ದಿನ ಎಲ್ಲಿತ್ತೋ. ನಡುಮನೆಯ ನೆಲದ ಮೇಲೆ ಅಪ್ಪ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ, ಮುಂದೆ ಪ್ಲೇಯರ್. ರೆಕಾರ್ಡ್ ಇಲ್ಲ, ಬರೀ ತಟ್ಟೆ ತಿರುಗುತ್ತಿದೆ. ತಟ್ಟೆಯ ಅಂಚಿಗೆ ಅನ್ನದ ಅಗುಳಿನಿಂದ ಒಂದು ಕಾಗದದ ಚೂರು ಅಂಟಿಸಿದ್ದಾರೆ. ಅಪ್ಪ ಕೈಗಡಿಯಾರ ಬಿಚ್ಚಿ ಹಿಡಿದು "ಹೂಂ" ಅನ್ನುತ್ತಾರೆ, ನಾನು ಕಾಗದ ನನ್ನ ಮುಂದೆ ಬಂದಾಗಲೆಲ್ಲ ಎಣಿಸುತ್ತೇನೆ, ನಿಮಿಷ ಮುಗಿದಾಗ ಅವರು "ಸಾಕು" ಅನ್ನುತ್ತಾರೆ. ಮೂವತ್ತೊಂದು ಅನ್ನುತ್ತೇನೆ. ಇನ್ನೊಂದ್ಸಲ ಅನ್ನುತ್ತಾರೆ. ಮತ್ತೆ ಮೂವತ್ತೊಂದು. ಅಪ್ಪ ಕಾಗದ ಕಿತ್ತು, ಉಗುರಿನಲ್ಲಿ ಅಗುಳು ಕೆರೆದು, ಸ್ವಿಚ್ ಆರಿಸುತ್ತಾರೆ. ಅಂಥ ರೆಕಾರ್ಡಿಗೆ ಮೂವತ್ಮೂರು ಸುತ್ತು ಬರಬೇಕಿತ್ತು ಎಂದು ನನಗೆ ಆಗ ಗೊತ್ತಿರಲಿಲ್ಲ. ಲೇತಿನ ಮುಂದೆ ಜೀವನ ಕಳೆದ ಅಪ್ಪನಿಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಇದು ನಡೆದದ್ದು ನಿಜ ಎಂದೇ ಅನ್ನಿಸುತ್ತದೆ. ಯಾವಾಗ ಎಂಬುದೇ ಗೊತ್ತಿಲ್ಲ. ಹಿತ್ತಲಿನಿಂದ ಗೆಜ್ಜೆಯ ಸದ್ದು ಬರುತ್ತಿತ್ತು ಎಂದು ಒಂದು ಸಲ ಅನ್ನಿಸುತ್ತದೆ. ಹಾಗಿದ್ದರೆ ಅದು ಕಾರ್ಯಕ್ರಮಕ್ಕೆ ಮೊದಲು. ಅಪ್ಪ ಗೊತ್ತಿದ್ದೂ ಸುಮ್ಮನಿದ್ದರು, ತನ್ನ ಕೈ ತಪ್ಪಿದೆ ಎಂದು ಒಪ್ಪಿಕೊಳ್ಳುವ ಬದಲು ತಂಗಿಯನ್ನು ರಂಗದ ಮೇಲೆ ಕಳಿಸಿದರು. ಇನ್ನೊಂದು ಸಲ ಮನೆಯೆಲ್ಲ ನಿಶ್ಶಬ್ದವಾಗಿತ್ತು, ಅತ್ತೆ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು ಅನ್ನಿಸುತ್ತದೆ. ಹಾಗಿದ್ದರೆ ಅದು ಆಮೇಲೆ; ಅನುಮಾನ ಬಂದು ಅಳೆದು ನೋಡಿ, ತಿಳಿದ ಮೇಲೆ ಪ್ಲೇಯರನ್ನು ಅಟ್ಟಕ್ಕೆ ಹಾಕಿ, ನಲವತ್ತು ವರ್ಷ ಅದನ್ನು ಒಳಗೇ ಇಟ್ಟುಕೊಂಡರು. ಎರಡರಲ್ಲಿ ಯಾವುದು ಹಗುರ ಎಂದು ತೂಗಿ ತೂಗಿ ನೋಡಿದೆ. ಗೆಜ್ಜೆಯ ಸದ್ದನ್ನು ನಾನೇ ಸೇರಿಸಿದೆನೇ? ನಿಶ್ಶಬ್ದವನ್ನು ನಾನೇ ಸೇರಿಸಿದೆನೇ? ಹೈಸ್ಕೂಲಿನಿಂದ ಈ ವಯಸ್ಸಿನವರೆಗೆ ದಿನವೂ ಡೈರಿ ಬರೆದಿದ್ದೇನೆ. ಬೇಕಾದ ಆ ಒಂದು ವರ್ಷ ಬರೆಯುತ್ತಿರಲಿಲ್ಲ.

ಅತ್ತೆಗೆ ಕೊಟ್ಟ ಮಾತನ್ನು ನಾನು ಒಂದು ವಾರ ಉಳಿಸಿಕೊಂಡೆ. ಆಮೇಲಿನ ಭಾನುವಾರ ಬೆಳಗ್ಗೆ ಅಪ್ಪನನ್ನು ಕಾರಿನಲ್ಲಿ ಗಾಜನೂರಿಗೆ ಕರೆದುಕೊಂಡು ಹೋದೆ. ಡ್ಯಾಮಿನ ಗೇಟುಗಳನ್ನು ನೋಡುವುದೆಂದರೆ ಅವರಿಗೆ ಈಗಲೂ ಇಷ್ಟ. ನೀರನ್ನಲ್ಲ, ಎತ್ತುವ ಯಂತ್ರವನ್ನು ನೋಡುತ್ತಾರೆ. ಕಂಬಿ ಹಿಡಿದು ನಿಂತು, "ಆ ಮೂರನೇದರ ಸದ್ದು ಕೇಳು, ಬೇರಿಂಗ್ ಸವೆದಿದೆ" ಅಂದರು. ಅವರ ಕಿವಿ ಚೆನ್ನಾಗಿದೆ ಎಂದು ಇಲ್ಲಿ ಬರೆಯಲೇಬೇಕು. ಆಗ ಕೇಳಿದೆ. ಅವರು ನನ್ನ ಕಡೆ ತಿರುಗಲಿಲ್ಲ. ತುಂಗೆಯನ್ನು ನೋಡಿ, "ಇವತ್ತು ನೀರು ಜಾಸ್ತಿ ಬಿಟ್ಟಿದ್ದಾರೆ" ಅಂದರು. ನಾನು ಕಾರಿನ ಹತ್ತಿರ ಹೋಗಿ ಬಾಗಿಲು ತೆಗೆಯುವವರೆಗೂ ಬಿಸಿಲಲ್ಲಿ ನಿಂತಿದ್ದರು.

ಇದಾಗಿ ಎರಡು ತಿಂಗಳು. ಅತ್ತೆಯ ಆಪರೇಷನ್ ಚೆನ್ನಾಗಿ ಆಗಿದೆ, ವಾಕರ್ ಹಿಡಿದು ಅಡುಗೆಮನೆಯವರೆಗೆ ನಡೆಯುತ್ತಾಳೆ, ಹೆಜ್ಜೆ ಎಣಿಸಿಕೊಂಡು, ಗಟ್ಟಿಯಾಗಿ. ಅವಳನ್ನು ನೋಡಲು ಅಪ್ಪನೂ ನನ್ನ ಜೊತೆ ಬಂದಿದ್ದರು. ಅಣ್ಣ ತಂಗಿ ಇಬ್ಬರೂ ಮಂಡಿಯ ಮಾತು, ಔಷಧಿಯ ಮಾತು, ಅಮ್ಮನ ಅವರೆಕಾಳಿನ ಸಾರಿನ ಮಾತು ಆಡಿದರು, ಬೇರೆ ಏನೂ ಇಲ್ಲ. ಮನೆಯಲ್ಲಿ ಅಪ್ಪ ಊಟಕ್ಕೆ ಕೂರುತ್ತಾರೆ, ಪೇಪರ್ ಓದುತ್ತಾರೆ, ನಾನು ರೂಮಿಗೆ ಬಂದರೆ ಒಮ್ಮೆ ತಲೆಯೆತ್ತಿ ನೋಡುತ್ತಾರೆ. ಹೇಳಲು ಹೊರಟವರ ಹಾಗೆ ಕಾಣುತ್ತದೆ ಅವರ ಮುಖ, ಅಥವಾ ನನಗೆ ಹಾಗೆ ಕಾಣಬೇಕಾಗಿದೆ. ನಾನು ಮತ್ತೆ ಕೇಳಿಲ್ಲ. ಅವತ್ತು ಗಾಜನೂರಿನಲ್ಲಿ ಕೇಳಿದ್ದು ಇಷ್ಟೇ: "ಅಪ್ಪ, ನಾವಿಬ್ರೂ ಕೂತು ಸುತ್ತು ಎಣಿಸಿದ್ದು ಅತ್ತೆ ಡ್ಯಾನ್ಸಿಗೆ ಮೊದಲಾ, ಆಮೇಲಾ?"